ಪೈಲಟ್‌ಗಳ ಮದ್ಯಪಾನ: ಉಸಿರಿನ ಪರೀಕ್ಷೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಪೈಲಟ್ ಒಬ್ಬರು ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ನಮ್ಮ ಚರ್ಚೆ ಶಿಕ್ಷೆ ಎಷ್ಟೆಂಬಲ್ಲಿಗೇ ಮುಗಿದುಹೋಗುತ್ತದೆ. ಅಸಲಿಗೆ ನಮ್ಮ ನಿಯಮ ಸಡಿಲವೇನಲ್ಲ: ಅಮೆರಿಕದಲ್ಲಿ ಹಾರಾಟಕ್ಕೆ ಮುಂಚಿನ 8 ಗಂಟೆ ಮದ್ಯ ನಿಷಿದ್ಧವಾದರೆ ಇಲ್ಲಿ 12 ಗಂಟೆ, ಮೊದಲ ತಪ್ಪಿಗೆ 3 ತಿಂಗಳು, ಎರಡನೆಯದಕ್ಕೆ 3 ವರ್ಷ ಲೈಸೆನ್ಸ್ ಅಮಾನತು. ಆದರೂ 2018ರ ನವೆಂಬರ್‌ನಲ್ಲಿ ದೆಹಲಿಯಿಂದ ಲಂಡನ್‌ಗೆ ಹೊರಡಬೇಕಿದ್ದ ಏರ್ ಇಂಡಿಯಾ ವಿಮಾನದ ಪೈಲಟ್, ಅದೂ ಸಂಸ್ಥೆಯ ಕಾರ್ಯಾಚರಣೆ ನಿರ್ದೇಶಕರೇ, ಪರೀಕ್ಷೆಯಲ್ಲಿ ವಿಫಲರಾದರು.

ಯಂತ್ರ ಸೊನ್ನೆ ತೋರಿಸಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ದೇಹದ ಸಮತೋಲ ಕಾಯುವ ಒಳಕಿವಿಯ ದ್ರವದಿಂದ ಮದ್ಯಸಾರ ಇಳಿಯುವುದು ನಿಧಾನ. ರಕ್ತದಲ್ಲಿ ಅದರ ಸುಳಿವಿಲ್ಲದಾಗಲೂ ತಲೆ ವಾಲಿಸಿದರೆ ಸುತ್ತಿದಂತೆ ಅನಿಸಬಹುದು. ಮೋಡದೊಳಗೆ, ದಿಗಂತವೇ ಕಾಣದಿದ್ದಾಗ, ಆ ಭ್ರಮೆಯನ್ನು ನಂಬಿದ ಪೈಲಟ್ ನೆಟ್ಟಗಿರುವ ವಿಮಾನವನ್ನೇ ವಾಲಿಸಿಬಿಡಬಹುದು. 1977ರ ಜನವರಿಯಲ್ಲಿ ಅಲಾಸ್ಕಾದ ಆಂಕರೇಜ್‌ನಲ್ಲಿ ಜಪಾನ್ ಏರ್‌ಲೈನ್ಸ್‌ನ ಸರಕು ವಿಮಾನ ಬಿದ್ದು ಐವರು ಸತ್ತಾಗ, ಕ್ಯಾಪ್ಟನ್ ಕುಡಿದಿದ್ದುದು ತನಿಖೆಯಲ್ಲಿ ಸಾಬೀತಾಯಿತು. ಜೊತೆಗಿದ್ದವರು ಅವರನ್ನು ತಡೆಯಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

2023ರಲ್ಲಿ ನಮ್ಮ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ, ಪೈಲಟ್‌ಗಳು ಮದ್ಯಸಾರವಿರುವ ಮೌತ್‌ವಾಶ್ ಬಳಕೆಯನ್ನೂ ನಿಷೇಧಿಸಿತು, ಒಳ್ಳೆಯದೇ. ಆದರೆ ಚಟಕ್ಕೆ ಬಿದ್ದವರು ನೌಕರಿಯ ಭಯದಿಂದ ಬಾಯಿ ಬಿಡುವುದಿಲ್ಲ, ಸಹೋದ್ಯೋಗಿಗಳೂ ಮುಚ್ಚಿಡುತ್ತಾರೆ. ಅಮೆರಿಕದಲ್ಲಿ 1970ರ ದಶಕದಿಂದಲೂ ಇಂಥ ಪೈಲಟ್‌ಗಳಿಗೆ ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ನಿಗಾ ಇಟ್ಟು, ಮತ್ತೆ ಕಾಕ್‌ಪಿಟ್‌ಗೆ ಕಳಿಸುವ ವ್ಯವಸ್ಥೆಯಿದೆ. ಸಿಕ್ಕಿಬೀಳುವ ಮುನ್ನವೇ ತಾವಾಗಿ ಬಂದು ಹೇಳಿಕೊಳ್ಳುವವರನ್ನು ಡಿಜಿಸಿಎ ಅಪರಾಧಿಗಳ ಸಾಲಿಗೆ ಸೇರಿಸದೆ, ಅವರಿಗೆ ಅಂಥದೊಂದು ದಾರಿಯನ್ನು ನಿಯಮದಲ್ಲೇ ಬರೆದಿಡಬೇಕು.

ಇತಿ,
ಒಬ್ಬ ವಿಮಾನ ಪ್ರಯಾಣಿಕ, ಬೆಂಗಳೂರು