ಮೋಡೆಮ್ಮಿನೊಳಗಿನ ಕ್ಯೂ

ಮಾನ್ಯ ಸಂಪಾದಕರೇ,

ವಿಡಿಯೊ ಕಾಲ್ ತಡವರಿಸಿದರೆ ಹೆಚ್ಚು ಸ್ಪೀಡಿನ ಪ್ಲಾನ್ ಹಾಕಿಸಿಕೊಳ್ಳಿ ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಸಲಹೆ ಬಂದಿತ್ತು. 14 ವರ್ಷದಿಂದ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿರುವ ನಾನೂ ಹಾಗೇ ನಂಬಿ ದುಡ್ಡು ಕಟ್ಟಿದವಳು. ಡೌನ್‌ಲೋಡ್ ಎರಡು ಪಟ್ಟಾಯಿತು. ಅಪ್‌ಲೋಡ್ ಹಳೇ 5 ಎಂಬಿಪಿಎಸ್‌ನಲ್ಲೇ (ಸೆಕೆಂಡಿಗೆ 50 ಲಕ್ಷ ಬಿಟ್) ಉಳಿಯಿತು. ಮೀಟಿಂಗ್‌ನಲ್ಲಿ ನನ್ನ ದನಿ ಮೊದಲಿನ ಹಾಗೇ ತುಂಡು ತುಂಡು.

ಒಂದು ಸಂಜೆ ಮಗಳ ಲ್ಯಾಪ್‌ಟಾಪಿನಿಂದ ಫೋಟೊ ಬ್ಯಾಕಪ್ ಹೋಗುತ್ತಿತ್ತು. ಸುಮ್ನೆ ಪಿಂಗ್ ಹಾಕಿ ನೋಡಿದೆ, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದೆ. ಮಾಮೂಲಿ 24 ಮಿಲಿಸೆಕೆಂಡ್ ಇರುವುದು 300, 900, 1,700 ಎಂದು ಏರುತ್ತಾ 2,300ರ ಹತ್ತಿರ ಹೋಗಿ ನಿಂತಿತು. ಬ್ಯಾಕಪ್ ನಿಲ್ಲಿಸಲು ಹೇಳಿದೆ. ಎರಡು ಮೂರು ಸೆಕೆಂಡಿನಲ್ಲಿ ಮತ್ತೆ 24. ಇಷ್ಟಾದರೂ ಒಂದು ಪಿಂಗ್ ಕೂಡ ಕಳೆದುಹೋಗಿರಲಿಲ್ಲ. ರೋಗ ಇದ್ದದ್ದೇ ಅಲ್ಲಿ: ಏನೂ ಕಳೆಯದೆ ಎಲ್ಲವೂ ಮೋಡೆಮ್ಮಿನೊಳಗೆ ಕ್ಯೂ ನಿಂತು ಕಾಯುತ್ತಿತ್ತು.

ಲೆಕ್ಕ ಹಾಕಿ ನೋಡಿ. ಆ ಕ್ಯೂನಲ್ಲಿ 1,500 ಬೈಟಿನ ಸಾವಿರ ಪ್ಯಾಕೆಟ್ (ಡೇಟಾದ ತುಣುಕು) ಇದ್ದರೆ 1.2 ಕೋಟಿ ಬಿಟ್. 5 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 2.4 ಸೆಕೆಂಡ್ ಬೇಕು. ನನ್ನ ಮಾತು ಹೊತ್ತ ಪುಟ್ಟ ಪ್ಯಾಕೆಟ್ ಫೋಟೊಗಳ ಈ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಫೈಲ್ ಕಳಿಸುವ ವೇಗ ನಿರ್ಧರಿಸುವ ನಿಯಮವಾದ ಮಾಮೂಲಿ ಟಿಸಿಪಿಗೋ ಪ್ಯಾಕೆಟ್ ಕಳೆದರೆ ಮಾತ್ರ ದಾರಿ ತುಂಬಿದೆ ಎಂದು ಗೊತ್ತಾಗುವುದು. ಒಂದನ್ನೂ ಬಿಸಾಡಬಾರದು ಎಂದು ದೊಡ್ಡ ಬಫರ್ (ಪ್ಯಾಕೆಟ್ ಕಾಯುವ ಜಾಗ) ಇಟ್ಟರೆ ಟಿಸಿಪಿ ಅದನ್ನು ತುಂಬಿಸುತ್ತಲೇ ಹೋಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರೇ ಇದೆ.

ಮದ್ದೂ ಹೊಸದೇನಲ್ಲ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕ್ಯೂ ನಿಭಾಯಿಸುವ ಕೋಡೆಲ್ ವಿಧಾನ ಪ್ರಕಟಿಸಿದರು. ಕ್ಯೂ ಎಷ್ಟು ಉದ್ದ ಇದೆ ಎಂದು ಅದು ಕೇಳುವುದಿಲ್ಲ. ಪ್ಯಾಕೆಟ್ ಒಳಗೆ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡ್ ಪೂರ್ತಿ ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಲೇ ಇಲ್ಲ ಅಂದರೆ ಪ್ಯಾಕೆಟ್ ಬಿಸಾಡಲು ಶುರುಮಾಡುತ್ತದೆ. ಅದೇ ವರ್ಷ ಎರಿಕ್ ಡುಮಾಜೆ ಇದನ್ನೇ ಬೆಳೆಸಿ ಲಿನಕ್ಸಿನ ತಿರುಳಾದ ಕರ್ನಲ್‌ನ 3.5 ಆವೃತ್ತಿಗೆ ಎಫ್‌ಕ್ಯೂ-ಕೋಡೆಲ್ ಸೇರಿಸಿದರು. ಅದರಲ್ಲಿ 1,024 ಸಣ್ಣ ಕ್ಯೂಗಳು. ಆಗೊಂದು ಈಗೊಂದು ಪ್ಯಾಕೆಟ್ ಕಳಿಸುವ ದನಿಯಂಥದ್ದಕ್ಕೆ ಮೊದಲ ಸರದಿ ಸಿಗುತ್ತದೆ.

ಹಳೇ ಕಂಪ್ಯೂಟರೊಂದನ್ನು ರೂಟರ್ ಮಾಡಿ ಎಫ್‌ಕ್ಯೂ-ಕೋಡೆಲ್ ಹಾಕಿದೆ. ಏನೂ ಬದಲಾಗಲಿಲ್ಲ! ನಾಚಿಕೆ ಆಯಿತು. ಕಂಪ್ಯೂಟರಿನಿಂದ ಮೋಡೆಮ್ಮಿಗೆ ಹೋಗುವ ಕೇಬಲ್ ಗಿಗಾಬಿಟ್‌ನದು. ಅಲ್ಲಿ ಕ್ಯೂ ಕಟ್ಟುವುದೇ ಇಲ್ಲ. ಸಾಲು ಬೆಳೆಯುವುದು ಮೋಡೆಮ್ಮಿನ ಹೊಟ್ಟೆಯಲ್ಲಿ, ನನ್ನ ಕೈಗೆ ಸಿಗದ ಜಾಗದಲ್ಲಿ. ಆಮೇಲೆ ಕರ್ನಲ್ 4.19ರಿಂದ ಜೊತೆಗೇ ಬರುವ ಕೇಕ್ (ಕ್ಯೂ ನಿಭಾಯಿಸುವುದರ ಜೊತೆ ವೇಗಕ್ಕೂ ಮಿತಿ ಹಾಕುವ ವಿಧಾನ) ಹಾಕಿ ಅಪ್‌ಲೋಡನ್ನು ಮೋಡೆಮ್ಮಿನ ವೇಗಕ್ಕಿಂತ ಕೊಂಚ ಕಡಿಮೆ, 4.5 ಎಂಬಿಪಿಎಸ್‌ಗೆ ಕಟ್ಟಿದೆ. ಈಗ ಕ್ಯೂ ಮೋಡೆಮ್ ಬಿಟ್ಟು ನನ್ನ ಕರ್ನಲ್ಲಿಗೆ ಬಂತು. ಬ್ಯಾಕಪ್ ಓಡುತ್ತಿದ್ದರೂ ಪಿಂಗ್ 30ರ ಆಸುಪಾಸಿನಲ್ಲೇ. ಹತ್ತರಲ್ಲೊಂದು ಪಾಲು ವೇಗ ಬಿಟ್ಟುಕೊಟ್ಟಿದ್ದು ನನಗೇನೂ ಜಾಸ್ತಿ ಅನ್ನಿಸಲಿಲ್ಲ. ಬ್ಯಾಕಪ್ ಮುಗಿಯುವುದು ಸ್ವಲ್ಪ ತಡ, ಅಷ್ಟೇ ಅಲ್ವಾ?

ಇದನ್ನೆಲ್ಲ ಪ್ರತಿ ಓದುಗರೂ ಮನೆಯಲ್ಲಿ ಕೂತು ಮಾಡಲಿ ಎಂದು ನಾನು ಹೇಳುತ್ತಿಲ್ಲ. ಮೋಡೆಮ್ ಮಾಡುವವರೇ ಮಾಡಿ ಕೊಡಬೇಕಾದ ಕೆಲಸ ಇದು. ಕೋಡು ಬಿಟ್ಟಿಯಾಗಿ ಸಿಗುತ್ತದೆ, ಎಫ್‌ಕ್ಯೂ-ಕೋಡೆಲ್ ವಿವರ 2018ರಿಂದ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿಯೂ ಇದೆ. ನಿಮ್ಮಲ್ಲಿ ಒಂದೇ ಕೋರಿಕೆ. ಇನ್ನು ಮುಂದೆ ಪ್ಲಾನ್, ರೂಟರ್ ಹೋಲಿಸುವಾಗ ಡೌನ್‌ಲೋಡ್ ಅಂಕಿಯ ಪಕ್ಕ ಇನ್ನೊಂದು ಅಂಕಿ ಹಾಕಿ: ದೊಡ್ಡ ಫೈಲ್ ಮೇಲೇರುತ್ತಿರುವಾಗ ಪಿಂಗ್ ಎಷ್ಟಿತ್ತು ಎಂಬುದು.

ಇಂತಿ,
ಒಬ್ಬ ಸಿಸ್ಟಮ್ ಅಡ್ಮಿನ್