ಹತ್ತು ಗುಂಡಿಗಳ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ನೇರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿ ಮುಗಿಸಿದೆ. ಗಡಿಯಾರ 55 ನಿಮಿಷ 38 ಸೆಕೆಂಡು ತೋರಿಸಿತು. ನನಗೀಗ 65 ವರ್ಷ. ಈ ಎರಡನ್ನೂ ಮೊಬೈಲಿಗೆ ಉಣಿಸಿದ ನನ್ನ ಸೊಸೆ ಪರದೆಯನ್ನು ನನ್ನ ಕಡೆ ತಿರುಗಿಸಿ, “ಮಾವ, ಫಸ್ಟ್ ಕ್ಲಾಸ್” ಎಂದಳು. ವಯಸ್ಸಿಗೆ ತಕ್ಕಂತೆ ಓಟಕ್ಕೆ ಕೊಡುವ ಅಂಕ ನೂರಕ್ಕೆ 60 ದಾಟಿತ್ತು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕಟ್ಟಿ ಎರಡು ಸಲವೂ ಗಣಿತದಲ್ಲಿ ಡುಮ್ಕಿ ಹೊಡೆದವನು ನಾನು. ಆ ಬಾಕಿ ಈಗ ತೀರಿತು.

ಇದಕ್ಕೆ ಕಾರಣರಾದವರಿಗೆ ಎದುರಿಗೆ ನಿಂತು ಹೇಳಲು ನಾಚಿಕೆ. ಹೇಳಿದರೆ ತಮಾಷೆ ಮಾಡುತ್ತಾರೆ. ಹಾಗಾಗಿ ಬರೆದು ಮುಗಿಸುತ್ತಿದ್ದೇನೆ.

ನಾನು ವೃತ್ತಿಯಿಂದ ಕಟಿಂಗ್ ಮಾಸ್ಟರ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸಿದ್ದೇನೆ. ದಿನವಿಡೀ ನಿಂತೇ ಮಾಡುವ ಕೆಲಸ. ಸಂಜೆಗೆ ಕಾಲು ಮರದ ತುಂಡಿನಂತಾಗುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಮೂವತ್ತೆಂಟನೆಯ ವಯಸ್ಸಿನಲ್ಲಿ ಬೆಳಗಿನ ಜಾವ ಓಡಲು ಶುರುಮಾಡಿದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಹತ್ತು ಕಿಲೋಮೀಟರನ್ನು 44 ನಿಮಿಷದಲ್ಲಿ ಓಡಿದೆ. ಅದೇ ನನ್ನ ಜೀವನದ ಅತ್ಯುತ್ತಮ ಓಟ. ಆಮೇಲೆ ಇಪ್ಪತ್ತು ವರ್ಷ ಆ 44ನ್ನು ಹಳೆಯ ಪ್ರೇಮಪತ್ರದಂತೆ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಅರವತ್ತು ತುಂಬುವ ಹೊತ್ತಿಗೆ ಅದೇ ದೂರಕ್ಕೆ ಒಂದು ಗಂಟೆಯೂ ಸಾಲದಾಯಿತು. ಪ್ರತಿ ವರ್ಷ ಗಡಿಯಾರ ಇನ್ನಷ್ಟು ಹಿಂದಕ್ಕೆ ಎಳೆಯುತ್ತಿತ್ತು. ಎಷ್ಟು ಕಷ್ಟಪಟ್ಟರೂ ಕಳೆದ ವರ್ಷಕ್ಕಿಂತ ನಿಧಾನ. ಬೆಟ್ಟದಿಂದ ಉರುಳುವ ಕಲ್ಲು ತಾನು ಚೆನ್ನಾಗಿ ಉರುಳುತ್ತಿದ್ದೇನೆಯೇ ಎಂದು ಕೇಳಿಕೊಂಡರೆ ಏನು ಉತ್ತರ? 62ರಲ್ಲಿ ಹಟ ಹಿಡಿದೆ. 44 ಬೇಡ, 50 ನಿಮಿಷ ಸಾಕು ಎಂದು ನನ್ನ ಮಟ್ಟಿಗೆ ಬಹಳ ಉದಾರವಾಗಿ ಗುರಿ ಇಟ್ಟುಕೊಂಡೆ. ವಾರಕ್ಕೆ ಮೂರು ದಿನ ಜೋರು ಓಟ. ಜುಲೈ ತಿಂಗಳ ಒಂದು ಮುಂಜಾನೆ, ಕೋಟೆ ಗುಡ್ಡದ ಹತ್ತಿರ, ಎಡಗಾಲಿನ ಮೀನಖಂಡದಲ್ಲಿ ‘ಟಪ್’ ಎಂದಿತು. ಯಾರೋ ಹಿಂದಿನಿಂದ ಕಲ್ಲು ಹೊಡೆದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಟೋ ಹತ್ತಿ ಮನೆಗೆ ಬಂದೆ.

ಮೊದಲು ಹೋದ ಕಡೆ ನನ್ನ ಕಾಲನ್ನು ಮುಟ್ಟುವ ಮೊದಲೇ, “ಈ ವಯಸ್ಸಿನಲ್ಲಿ ಓಟ ಯಾಕೆ ಬೇಕು?” ಎಂಬ ಪ್ರಶ್ನೆ ಬಂತು. ಎರಡನೆಯ ಕಡೆಯೂ ಅದೇ. ಮೂರನೆಯ ಕಡೆ ಇದ್ದ ಫಿಸಿಯೋಥೆರಪಿಯ ಹುಡುಗಿ ಮಾತ್ರ ಕೇಳಿದ ಪ್ರಶ್ನೆ ಬೇರೆ: “ಅಂಕಲ್, ಎಷ್ಟು ವೇಗದಲ್ಲಿ ಓಡುತ್ತಿದ್ದಿರಿ?” ನನ್ನ ಓಟವನ್ನು ಕಾಯಿಲೆ ಎಂದುಕೊಳ್ಳದೆ ಓಟವೆಂದೇ ನೋಡಿದ ಆಕೆಗೆ ಮೊದಲ ನಮಸ್ಕಾರ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ, ಇನ್ನೂ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಆಕೆ ಕಲಿಸಿದಳು. ಕಾಲು ವಾಸಿಯಾದ ಮೇಲೂ ಬಿಡಬಾರದು ಎಂದಿದ್ದಳು. ಬಿಟ್ಟಿಲ್ಲ. ಈಗಲೂ ಹಲ್ಲುಜ್ಜುವಾಗ ಮೆಟ್ಟಿಲ ಮೇಲೆಯೇ ನಿಂತಿರುತ್ತೇನೆ, ಬೀದಿಯವರಿಗೆ ಅಭ್ಯಾಸವಾಗಿದೆ.

ಆದರೆ ಕಾಲು ವಾಸಿಯಾದಷ್ಟು ಬೇಗ ತಲೆ ವಾಸಿಯಾಗಲಿಲ್ಲ. ಎರಡು ತಿಂಗಳು ಬರೀ ನಡೆದೆ. ಷೂಗಳನ್ನು ಮಂಚದ ಕೆಳಗೆ ತಳ್ಳಿದ್ದೆ. ಆಗ ಸೊಸೆ ಒಂದು ಸಂಜೆ ಪಕ್ಕದಲ್ಲಿ ಕುಳಿತು, “ಮಾವ, ನಿಮ್ಮ ಹಳೆಯ ಸಮಯಗಳನ್ನೆಲ್ಲ ಹೇಳಿ” ಎಂದಳು. ಪುಸ್ತಕವನ್ನೇ ತಂದುಕೊಟ್ಟೆ. ಘಟಕದಲ್ಲಿ ಪೀಸುಗಳ ಲೆಕ್ಕ ಬರೆಯುತ್ತಿದ್ದ ಉದ್ದನೆಯ ನೋಟುಬುಕ್ಕಿನ ಹಿಂಬದಿಯಲ್ಲಿ ಇಪ್ಪತ್ತು ವರ್ಷದ ಓಟ ಇತ್ತು.

ಅವಳು ವಿವರಿಸಿದ್ದು ಇಷ್ಟು. ಹಿರಿಯ ಕ್ರೀಡಾಪಟುಗಳಿಗೆಂದೇ 1977ರಲ್ಲಿ ಹುಟ್ಟಿದ, ಈಗ ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂದು ಕರೆಯುವ ಸಂಸ್ಥೆಯೊಂದಿದೆ. ಅದರ ಆಸರೆಯಲ್ಲಿ 1989ರಿಂದ ಒಂದು ಕೋಷ್ಟಕ ಚಾಲ್ತಿಯಲ್ಲಿದೆ. ಏಜ್ ಗ್ರೇಡಿಂಗ್ ಎನ್ನುತ್ತಾರೆ. ಪ್ರತಿ ವಯಸ್ಸಿಗೆ, ಪ್ರತಿ ದೂರಕ್ಕೆ, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ, ಆ ವಯಸ್ಸಿನವರು ಜಗತ್ತಿನಲ್ಲಿ ಅತಿ ವೇಗವಾಗಿ ಓಡಬಲ್ಲ ಸಮಯ ಎಷ್ಟು ಎಂದು ಅದರಲ್ಲಿರುತ್ತದೆ. ಆ ಸಮಯವನ್ನು ನಮ್ಮ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಮ್ಮ ಅಂಕ. 60 ದಾಟಿದರೆ ಊರಮಟ್ಟ, 70 ದಾಟಿದರೆ ಪ್ರಾಂತ್ಯಮಟ್ಟ, 80ಕ್ಕೆ ರಾಷ್ಟ್ರಮಟ್ಟ, 90ಕ್ಕೆ ವಿಶ್ವಮಟ್ಟ. ನೂರು ಎಂದರೆ ಹೆಚ್ಚುಕಡಿಮೆ ಆ ವಯಸ್ಸಿನ ವಿಶ್ವದಾಖಲೆ.

“ನೂರು ಯಾರಿಗೆ ಬರುತ್ತದೆ, ಸುಮ್ಮನಿರು” ಎಂದೆ. ಅದಕ್ಕವಳು ಕೆನಡಾದ ಎಡ್ ವಿಟ್ಲಾಕ್ ಎಂಬ ಅಜ್ಜನ ಕತೆ ಹೇಳಿದಳು. ಆತ 2004ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಟೊರಾಂಟೊದಲ್ಲಿ 42 ಕಿಲೋಮೀಟರಿನ ಪೂರ್ಣ ಮ್ಯಾರಥಾನನ್ನು 2 ಗಂಟೆ 55 ನಿಮಿಷದೊಳಗೆ ಓಡಿದನಂತೆ. ಸ್ಮಶಾನದೊಳಗಿನ ದಾರಿಯಲ್ಲಿ ಸುತ್ತು ಹಾಕಿ ಅಭ್ಯಾಸ ಮಾಡುತ್ತಿದ್ದನಂತೆ. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ಮಂತ್ರಿಸಿದ ದಾರ ಕಟ್ಟಿಸುತ್ತಿದ್ದರು.

ಆಮೇಲೆ ಅವಳು ತೆಗೆದ ಎರಡು ಲೆಕ್ಕಗಳು ನನ್ನನ್ನು ಬದಲಾಯಿಸಿದವು. ನಲವತ್ತೊಂದರ ಗಂಡಸಿಗೆ ಹತ್ತು ಕಿಲೋಮೀಟರಿನ ಮಾನದಂಡ, ಅಂದರೆ ಕೋಷ್ಟಕದ ಆ ಅತಿ ವೇಗದ ಸಮಯ, ಸುಮಾರು 27 ಮುಕ್ಕಾಲು ನಿಮಿಷ. ನನ್ನ ಹೆಮ್ಮೆಯ 44 ನಿಮಿಷಕ್ಕೆ ಅಂಕ 63. ಅರವತ್ತೆರಡರ ಗಂಡಸಿಗೆ ಮಾನದಂಡ 33 ನಿಮಿಷದ ಆಸುಪಾಸು. ನಾನು ಉದಾರವಾಗಿ ಇಟ್ಟುಕೊಂಡಿದ್ದ 50 ನಿಮಿಷದ ಗುರಿಗೆ ಅಂಕ 66. ಅಂದರೆ ತುಂಬು ಹರೆಯದ ಕಾಲು ಇದ್ದಾಗಲೂ ನನ್ನಿಂದ ಆಗದಿದ್ದ ಓಟವನ್ನು, ಮೊಮ್ಮಗಳನ್ನು ಶಾಲೆಗೆ ಬಿಡುವ ವಯಸ್ಸಿನಲ್ಲಿ ಓಡಲು ಹೊರಟಿದ್ದೆ. ಸೋತೆ ಎಂದುಕೊಂಡಿದ್ದೆ, ನಿಜವಾಗಿ ದುರಾಸೆ ಪಟ್ಟಿದ್ದೆ.

ನನಗೆ ಇದು ಹೊಳೆಯದೆ ಹೋಯಿತಲ್ಲ ಎಂಬುದೇ ಬೇಸರ. ಇಪ್ಪತ್ತೈದರ ಹುಡುಗನ ಸೊಂಟದ ಅಳತೆಯಲ್ಲಿ ಅರವತ್ತರವನಿಗೆ ಪ್ಯಾಂಟು ಕತ್ತರಿಸಿದರೆ, ಕುಳಿತ ಕೂಡಲೇ ಹೊಲಿಗೆ ಬಿಚ್ಚುತ್ತದೆ. ತಪ್ಪು ದಾರದ್ದೂ ಅಲ್ಲ, ಸೊಂಟದ್ದೂ ಅಲ್ಲ. ಜೀವಮಾನವಿಡೀ ಹುಡುಗರಿಗೆ ಇದನ್ನೇ ಹೇಳಿಕೊಟ್ಟವನು, ನನ್ನ ಕಾಲಿಗೆ ಬಂದಾಗ ಟೇಪು ಹಿಡಿಯುವುದನ್ನೇ ಮರೆತಿದ್ದೆ.

ಅಲ್ಲಿಂದ ಗುರಿ ಇಡುವ ಕ್ರಮ ತಿರುವುಮುರುವಾಯಿತು. ಮೊದಲು ಅಂಕ, ಆಮೇಲೆ ಸಮಯ. ವಾಸಿಯಾದ ಮೇಲೆ ಓಡಿದ ಮೊದಲ ಹತ್ತಕ್ಕೆ 51 ಬಂತು. ಆರು ತಿಂಗಳಿಗೆ 53, ಇನ್ನೊಂದು ಚಳಿಗಾಲಕ್ಕೆ 55 ಎಂದು ಇಟ್ಟುಕೊಂಡೆವು. ಮಾನದಂಡವನ್ನು ಆ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಷ್ಟು ನಿಮಿಷದಲ್ಲಿ ಓಡಬೇಕು ಎಂಬುದು ತಾನಾಗಿ ಸಿಗುತ್ತದೆ. ಇದರಲ್ಲಿ ಒಂದು ಸಿಹಿ ಇದೆ: ಹುಟ್ಟುಹಬ್ಬ ಬಂದರೆ ಲಾಭ. ನನ್ನ ವಯಸ್ಸಿನಲ್ಲಿ ಅದೇ 60 ಅಂಕಕ್ಕೆ ಬೇಕಾದ ಸಮಯ ವರ್ಷಕ್ಕೆ ಸುಮಾರು ಅರ್ಧ ನಿಮಿಷ ಸಡಿಲವಾಗುತ್ತದೆ. ವಯಸ್ಸಾಗಲಿ ಎಂದು ಕಾಯುವ ಮನುಷ್ಯನನ್ನು ನನ್ನ ಹೆಂಡತಿ ಮೊದಲ ಸಲ ನೋಡಿದ್ದಾಳೆ. ಮೂರು ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, “ಹೋಗುವುದಾದರೆ ಬೇಗ ಹೋಗಿ, ಬಿಸಿಲೇರುತ್ತದೆ” ಎಂದು ಗದರಿಸಿ ಕಳಿಸಿದವಳು ಅವಳೇ. ಗದರಿಕೆ ಇಲ್ಲದ ದಿನ ನಾನು ಮಲಗಿಯೇ ಇದ್ದೆ.

ಬಿಸಿಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಕೋಷ್ಟಕಕ್ಕೆ ನಮ್ಮ ಏಪ್ರಿಲ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವಯಸ್ಸು, ಲಿಂಗ, ದೂರ, ಸಮಯ ಮಾತ್ರ. ಸೆಕೆ, ಏರು, ಕೆಂಪು ಧೂಳು, ಹಿಂದಿನ ರಾತ್ರಿಯ ಮದುವೆಯೂಟ ಯಾವುದಕ್ಕೂ ರಿಯಾಯಿತಿ ಇಲ್ಲ. ಮೇ ತಿಂಗಳಲ್ಲಿ ನನ್ನ ಅಂಕ ಮೂರು ನಾಲ್ಕು ಇಳಿದಾಗ ಗಾಬರಿಯಾಗಿತ್ತು. ಈಗ ಚಳಿಗಾಲದ ಓಟವನ್ನು ಚಳಿಗಾಲದ ಓಟದ ಜೊತೆ ಮಾತ್ರ ತೂಗುತ್ತೇನೆ. ಕೋಷ್ಟಕವನ್ನೂ ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಹೊಸದರಲ್ಲಿ ಅದೇ ಓಟಕ್ಕೆ ಅಂಕ ಕೊಂಚ ಆಚೀಚೆ ಆಗುತ್ತದೆ. ಅದಕ್ಕೇ ಸೊಸೆ ನನ್ನ ಹಳೆಯದು ಹೊಸದು ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಅಳೆಯುತ್ತಾಳೆ. ಎರಡು ಟೇಪು ಇಟ್ಟುಕೊಂಡು ಒಂದು ಪ್ಯಾಂಟು ಕತ್ತರಿಸಬಾರದು ಎಂದು ಅವಳಿಗೆ ಯಾರು ಕಲಿಸಿದರೋ!

ಇನ್ನು ನನ್ನ ಗೆಳೆಯ. ರೈಲ್ವೆಯ ಹಳಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮೊಬೈಲು ತೋರಿಸುವ ದೂರದ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. “ಅಂಕ ಬೇಕೆಂದರೆ ದೂರ ಸರಿಯಿರಬೇಕು” ಎಂದು ಮೂವತ್ತು ಮೀಟರಿನ ಉಕ್ಕಿನ ಟೇಪು ತಂದು, ಒಂದು ಭಾನುವಾರ ನನ್ನಿಂದ ಒಂದು ತುದಿ ಹಿಡಿಸಿ, ರಸ್ತೆಯ ಅಂಚಿನಲ್ಲಿ ಸರಿಯಾಗಿ ಒಂದು ಕಿಲೋಮೀಟರು ಅಳೆದ. ಎರಡೂ ತುದಿಗೆ ಸುಣ್ಣದ ಗೆರೆ. ಮೊಬೈಲಿನ ಕಿಲೋಮೀಟರು ನಮ್ಮದಕ್ಕಿಂತ ಹದಿನೈದು ಮೀಟರು ಕಡಿಮೆಯಿತ್ತು. ಆ ದಿನ ಅವನ ಮುಖ ನೋಡಬೇಕಿತ್ತು. ಅದೇ ಗೆರೆಗಳ ನಡುವೆ ಐದು ಸಲ ಹೋಗಿ ಐದು ಸಲ ಬಂದರೆ ಹತ್ತು. ಎಣಿಕೆ ತಪ್ಪದಿರಲು ಎಡ ಜೇಬಿನಲ್ಲಿ ಹತ್ತು ಜೀನ್ಸ್ ಗುಂಡಿ ಇಟ್ಟುಕೊಂಡು, ಗೆರೆ ಮುಟ್ಟಿದಾಗಲೆಲ್ಲ ಒಂದನ್ನು ಬಲ ಜೇಬಿಗೆ ಹಾಕುತ್ತೇನೆ. ಹಿತ್ತಾಳೆಯ ಗುಂಡಿಗಳು ಓಡುವಾಗ ಗಿಲಿಗಿಲಿ ಎನ್ನುತ್ತವೆ. ಬೀದಿನಾಯಿಗಳಿಗೆ ನಾನು ಬರುವುದು ಮೊದಲೇ ತಿಳಿದು ದಾರಿ ಬಿಡುತ್ತವೆ. ಇದು ಯೋಜಿಸಿದ್ದಲ್ಲ, ಬೋನಸ್ಸು.

ಕೊನೆಗೆ ನಮ್ಮ ಅಕ್ಕ. ನಿವೃತ್ತ ನರ್ಸ್, ವಯಸ್ಸು 68. ಸೀರೆಯಲ್ಲಿ ನಡೆಯಲು ಬರುತ್ತಿದ್ದವರು, ಚೂಡಿದಾರಕ್ಕೆ ಬದಲಾದರು, ಆಮೇಲೆ ಓಡತೊಡಗಿದರು. ಹಿಂದಿನ ಚಳಿಗಾಲದಲ್ಲಿ ನಾನು ಹತ್ತು ಕಿಲೋಮೀಟರನ್ನು 58 ನಿಮಿಷದಲ್ಲಿ ಮುಗಿಸಿ, ಬೆವರೊರೆಸಿಕೊಂಡು, ಗೆಳೆಯನ ಜೊತೆ ಹರಟೆ ಹೊಡೆಯುತ್ತ ಅವರಿಗಾಗಿ ಕಾದೆ. ಅವರು ನನಗಿಂತ ಹತ್ತು ನಿಮಿಷಕ್ಕೂ ಹೆಚ್ಚು ತಡವಾಗಿ ಬಂದರು. “ನಿಧಾನವಾದರೂ ಮುಗಿಸಿದಿರಲ್ಲ ಅಕ್ಕ” ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಸೊಸೆ ಇಬ್ಬರ ಲೆಕ್ಕವನ್ನೂ ಹಾಕಿದಳು. ಅಕ್ಕನ ಅಂಕ ನನಗಿಂತ ಮುಂದಿತ್ತು. ಅವರೇನೂ ಹಿಗ್ಗಲಿಲ್ಲ. ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸುತ್ತ, “ನಿಧಾನವಾದರೂ ನೀನೂ ಬರುತ್ತೀಯ ಬಿಡು ತಮ್ಮ” ಎಂದರು. ಆ ಮಾತು ನನ್ನನ್ನು ಒಂದು ವರ್ಷ ಓಡಿಸಿತು. ಯಾವ ತರಬೇತುದಾರನ ಬೈಗುಳವೂ ಅಷ್ಟು ಕೆಲಸ ಮಾಡಲಿಕ್ಕಿಲ್ಲ.

ಆವತ್ತೇ ಪಂದ್ಯ ಕಟ್ಟಿದೆವು: ಯಾರು 60ನ್ನು ತಡವಾಗಿ ದಾಟುತ್ತಾರೋ ಅವರದ್ದು ಎಲ್ಲರ ತಿಂಡಿಯ ಖರ್ಚು. ಅಕ್ಕ ನವೆಂಬರಿನಲ್ಲೇ ದಾಟಿಬಿಟ್ಟರು. ನನಗೆ ಮೊನ್ನೆಯವರೆಗೂ ಆಗಲಿಲ್ಲ. ಎಂಟನೆಯ ಗುಂಡಿ ಹಾಕುವಾಗ ಕೈ ನಡುಗಿ ಒಂದು ಗುಂಡಿ ರಸ್ತೆಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲೋ ಬೇಡವೋ ಎಂದು ಎರಡು ಹೆಜ್ಜೆ ಯೋಚಿಸಿ ಬಿಟ್ಟೆ. ಕೊನೆಯ ಗೆರೆಯಲ್ಲಿ ಬಲ ಜೇಬಿನಲ್ಲಿ ಒಂಬತ್ತೇ ಇದ್ದವು. ಗೆಳೆಯ ನಿಯಮದ ಮಾತು ತೆಗೆಯುವವನಿದ್ದ. ಅಕ್ಕ ಅವನನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದರು. ಅದಕ್ಕೊಂದು ಪ್ರತ್ಯೇಕ ಧನ್ಯವಾದ.

ನನ್ನ ನಲವತ್ತೊಂದರ 63ನ್ನು ಮುಟ್ಟಲು ಈಗ 53 ನಿಮಿಷ ಚಿಲ್ಲರೆ ಬೇಕು. ಸೊಸೆ ನೋಟುಬುಕ್ಕಿನ ಹೊಸ ಪುಟದ ಮೇಲೆ ಆಗಲೇ ಬರೆದಿಟ್ಟಿದ್ದಾಳೆ, ಪೆನ್ಸಿಲ್ಲಿನಲ್ಲಿ. ಫಿಸಿಯೋಥೆರಪಿಯ ಹುಡುಗಿಯನ್ನು ಕೇಳದೆ ಪೆನ್ನಿನಲ್ಲಿ ಬರೆಯುವುದಿಲ್ಲವಂತೆ.

ಪಂದ್ಯದ ಬಾಕಿ ಬರುವ ಭಾನುವಾರ ತೀರಿಸುತ್ತೇನೆ. ಬೆಳಿಗ್ಗೆ ಏಳೂವರೆಗೆ, ನಾವು ಯಾವಾಗಲೂ ಚಹಾ ಕುಡಿಯುವ ಅಂಗಡಿಯಲ್ಲಿ, ಉಗ್ಗಾಣಿ ಮತ್ತು ಮಿರ್ಚಿ. ಮೇಲೆ ಹೇಳಿದವರೆಲ್ಲ ಹಸಿದುಕೊಂಡು ಬನ್ನಿ. ಬಿದ್ದುಹೋದ ಗುಂಡಿ ರಸ್ತೆಯಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಅದನ್ನೂ ತನ್ನಿ.