ತಾರಸಿಯ ನಂತರ ಜೊತೆಗಿದ್ದವರಿಗೆ ನಮ್ಮ ವಂದನೆಗಳು

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ಗುಡ್ಡದ ಬುಡದಲ್ಲಿರುವ 400 ಚದರ ಅಡಿಯ ಪುಟ್ಟ ಮನೆಯೊಂದಕ್ಕೆ ಕಳೆದ ವಾರ ಪಂಚಾಯತಿನಿಂದ ಮನೆ ನಂಬ್ರ ದೊರೆಯಿತು. ಅದರ ಬೆನ್ನಿಗೇ ವಿದ್ಯುತ್ ಸಂಪರ್ಕವೂ ಬಂದು, ತಾಯಿ ಮತ್ತು ಇಬ್ಬರು ಮಕ್ಕಳ ಕುಟುಂಬ ಅಲ್ಲಿ ಒಕ್ಕಲಾಗಿದೆ. ಈ ಮನೆಯ ಕೊನೆಯ ಹಂತದ ಕೆಲಸಗಳನ್ನು ವಹಿಸಿಕೊಂಡಿದ್ದ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ತಂಡದ ಪರವಾಗಿ, ನೆರವಾದ ಎಲ್ಲರಿಗೂ ಬಹಿರಂಗವಾಗಿ ಕೃತಜ್ಞತೆ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಅವರಲ್ಲಿ ಹಲವರು ತಮ್ಮ ಹೆಸರು ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಮನೆಯನ್ನು ಆರಂಭಿಸಿದವರು ನಾವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಕೇರಳ ಸರಕಾರದ ಲೈಫ್ ಮಿಷನ್ ಯೋಜನೆಯಲ್ಲಿ ಸಾಮಾನ್ಯವಾಗಿ ಮನೆಯೊಂದಕ್ಕೆ ಸಿಗುವ 4 ಲಕ್ಷ ರೂಪಾಯಿ, ಕೆಲಸ ಮುಂದುವರಿದಂತೆ ಕಂತುಕಂತಾಗಿ ಬರುತ್ತದೆ. ಆ ಹಣದಿಂದಲೂ ಸಾಲದಿಂದಲೂ ಪಂಚಾಂಗ (ಅಡಿಪಾಯ), ಕೆಂಪುಕಲ್ಲಿನ ಗೋಡೆ ಮತ್ತು ತಾರಸಿ ಆಗಿದ್ದವು. ಆಮೇಲೆ ದುಡಿಯುವ ಕೈ ಹಾಸಿಗೆ ಹಿಡಿದು, ಕೊನೆಗೆ ಇಲ್ಲವಾಗಿ, ಮನೆ ಬಾಗಿಲಿಲ್ಲದೆಯೇ ಎರಡು ಮಳೆಗಾಲ ಕಂಡಿತು. ತಾರಸಿ ಆದರೆ ಮನೆ ಆದಂತೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅಲ್ಲಿಯವರೆಗೆ ಸಿಮೆಂಟು ಕೊಡುವವರು, ಕಲ್ಲು ಇಳಿಸಲು ಬರುವವರು, ಕಾಂಕ್ರೀಟಿನ ದಿನ ಊಟ ಹಾಕಿಸುವವರು ಇರುತ್ತಾರೆ. ಆದರೆ ಬಚ್ಚಲಿನ ಕೊಳವೆಗೆ, ಸ್ವಿಚ್ ಬೋರ್ಡಿಗೆ, ಕಿಟಕಿಯ ಕೊಂಡಿಗೆ ದಾನಿಗಳು ಸಿಗುವುದು ಅಪರೂಪ. ಅದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ; ತಾರಸಿಯ ನಂತರ ಬಂದವರ ಸಹಾಯವನ್ನು ಏಕೆ ಹೆಚ್ಚೆಂದು ನಾವು ಎಣಿಸುತ್ತೇವೆ ಎಂಬುದು ತಿಳಿಯಲಿ ಎಂದಷ್ಟೇ ಬರೆದೆ.

ಮೊದಲು ಬಂದವರು ವಯರ್‌ಮ್ಯಾನ್. ಸಾರಣೆಗೆ ಮುಂಚೆಯೇ ಗೋಡೆ ಕೊರೆದು ವಿದ್ಯುತ್ ಕೊಳವೆಗಳನ್ನು ಹುದುಗಿಸದಿದ್ದರೆ ಆಮೇಲೆ ಹೊಸ ಗೋಡೆಯನ್ನೇ ಒಡೆಯಬೇಕಾಗುತ್ತದೆ ಎಂದು ಎಚ್ಚರಿಸಿ, ತಮ್ಮ ಬೇರೆ ಕೆಲಸವನ್ನು ಮುಂದಕ್ಕೆ ಹಾಕಿ ಬಂದರು. ಖರ್ಚು ಉಳಿಸುವ ನಮ್ಮ ಎಲ್ಲ ಸಲಹೆಗಳಿಗೂ ಒಪ್ಪಿದ ಅವರು ಅರ್ತಿಂಗ್ ವಿಚಾರದಲ್ಲಾಗಲಿ, 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೂ ವಿದ್ಯುತ್ತನ್ನು ಕಡಿದುಹಾಕುವ ಸಾಧನದ ವಿಚಾರದಲ್ಲಾಗಲಿ ಒಂದಿಂಚೂ ಸಡಿಲಗೊಳ್ಳಲಿಲ್ಲ. ಅದರ ಬೆಲೆಯನ್ನು ತಮ್ಮ ಕೂಲಿಯಲ್ಲೇ ಕಡಿತ ಮಾಡಿಕೊಂಡದ್ದು ನಮಗೆ ಗೊತ್ತಾದದ್ದು ಬಿಲ್ಲು ನೋಡಿದಾಗ.

ಸಾರಣೆಯ ಮೇಸ್ತ್ರಿಯವರ ಬಗ್ಗೆ ತುಸು ವಿಸ್ತಾರವಾಗಿ ಬರೆಯದೆ ನಿರ್ವಾಹವಿಲ್ಲ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕೆಂಪುಕಲ್ಲು ನಮ್ಮ ಜಿಲ್ಲೆಯ ಭಾಗ್ಯವೇ ಸರಿ, ಆದರೆ ಅದರ ಮೈತುಂಬ ತೂತು. ಒಣಗಿದ ಕಲ್ಲಿಗೆ ಗಾರೆ ಬಡಿದರೆ ಅದರೊಳಗಿನ ನೀರನ್ನು ಕಲ್ಲೇ ಹೀರಿಕೊಂಡು, ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಕೇಳಿಸುತ್ತದೆ. ಆದ್ದರಿಂದ ಗೋಡೆಯನ್ನು ಹಿಂದಿನ ದಿನವೇ ಚೆನ್ನಾಗಿ ತೋಯಿಸಿಡಬೇಕು. ಆದರೆ ಕರಣೆ ಹಿಡಿಯುವ ಹೊತ್ತಿಗೆ ನೀರು ತೊಟ್ಟಿಕ್ಕುತ್ತಿರಬಾರದು. ತೂಕಗುಂಡು ಇಳಿಬಿಟ್ಟು ಅಲ್ಲಲ್ಲಿ ಗುರುತಿನ ಗಟ್ಟಿ ಕೂರಿಸುವುದು, ಆ ಗುರುತುಗಳ ನಡುವೆ ಗಾರೆ ತುಂಬಿ ಮಟ್ಟಗೋಲಿನಿಂದ ಎಳೆಯುವುದು, ಒಳಗೋಡೆಗೆ 12 ಮಿಲಿಮೀಟರ್ ದಪ್ಪವನ್ನು ಮೀರದಿರುವುದು, ನೀರು ಬೆರೆಸಿದ ಗಾರೆ ಬಿಗಿಯತೊಡಗಿದರೆ ಮತ್ತೆ ನೀರು ಹಾಕಿ ಎಬ್ಬಿಸದಿರುವುದು, ಇವೆಲ್ಲವನ್ನೂ ಅವರು ಮಾಡಿ ತೋರಿಸಿದ್ದಲ್ಲದೆ, ಮಲಗುವ ಕೋಣೆಯ ಒಂದು ಗೋಡೆಯನ್ನು ಪೂರ್ತಿಯಾಗಿ ನಮ್ಮ ಕೈಗೇ ಬಿಟ್ಟರು. ಅವರು ದಿನದ ಕೂಲಿಯನ್ನು ಪೂರ್ತಿಯಾಗಿಯೇ ಪಡೆದರು. ಪಡೆಯಬೇಕೆಂದು ನಾವೂ ಹಟ ಹಿಡಿದಿದ್ದೆವು. ಕೂಲಿಯಿಂದಲೇ ಬದುಕುವವರು ಕೂಲಿ ಬಿಟ್ಟುಕೊಡಲಿ ಎಂದು ಕಾಯುವುದು ಸಮಾಜಸೇವೆಯಲ್ಲ ಎಂದು ನಮ್ಮ ತಂಡ ಭಾವಿಸುತ್ತದೆ. ಕಲಿಯುವವರ ನಿಧಾನಕ್ಕೆ ತಮ್ಮ ವೇಗವನ್ನು ತಗ್ಗಿಸಿಕೊಂಡ ಆ ತಾಳ್ಮೆ ಮಾತ್ರ ಯಾವ ಕೂಲಿಯ ಲೆಕ್ಕಕ್ಕೂ ಸೇರುವಂಥದ್ದಲ್ಲ.

ತೋಯಿಸಲು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಗುಡ್ಡದ ಮೇಲಿನ ಅಡಿಕೆ ಕೃಷಿಕರ ಮನೆಯಲ್ಲಿದೆ. ಸಾರಣೆ ಮಾಡಿದ ಗೋಡೆಗೆ ಕನಿಷ್ಠ ಒಂದು ವಾರವಾದರೂ ಬೆಳಿಗ್ಗೆ ಸಂಜೆ ನೀರುಣಿಸಬೇಕು, ಅದೂ ಬಾವಿಗಳ ತಳ ಕಾಣುವ ಎಪ್ರಿಲಿನಲ್ಲಿ. ಆ ಹಿರಿಯರ ತೋಟಕ್ಕೆ ನೀರು ಬರುವುದು ಸುರಂಗದಿಂದ. ಹೊರಗಿನವರಿಗೆ ತಿಳಿದಿರಲಿ ಎಂದು ಹೇಳುತ್ತೇನೆ: ಉತ್ತರ ಕಾಸರಗೋಡಿನ ಗುಡ್ಡಗಳಲ್ಲಿ ಕೆಂಪುಕಲ್ಲಿನ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೊಕ್ಕು ನಡೆಯುವಷ್ಟು ಅಗಲಕ್ಕೆ ತೋಡಿದ ಈ ಸುರಂಗಗಳಿಂದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬರುತ್ತದೆ. ಬೇಸಗೆಯಲ್ಲಿ ಆ ಹರಿವು ತೋರುಬೆರಳಿನ ಗಾತ್ರಕ್ಕೆ ಇಳಿದಿದ್ದರೂ, ತಮ್ಮ ಅಡಿಕೆ ಸಸಿಗಳ ಸರದಿಯನ್ನು ರಾತ್ರಿಗೆ ಬದಲಿಸಿ, ಹಗಲು ಹೊತ್ತು ಟಾಂಕಿಯಿಂದ ನಮಗೆ ಪೈಪು ಬಿಟ್ಟುಕೊಟ್ಟರು. ಕೃಷಿಕರ ಮನೆಯಲ್ಲಿ ಹುಟ್ಟಿದವರಿಗೆ ಇದು ಎಂಥ ತ್ಯಾಗವೆಂದು ವಿವರಿಸಬೇಕಾಗಿಲ್ಲ.

ನೆಲಕ್ಕೆ ಟೈಲ್ಸ್ ಹಾಸಿದವರು ಬಂಗಾಳದಿಂದ ಬಂದ ಇಬ್ಬರು ತರುಣರು. ತುಳು, ಕನ್ನಡ, ಮಲಯಾಳ, ಬ್ಯಾರಿ, ಮರಾಠಿ ಎಲ್ಲವೂ ಓಡಾಡುವ ನಮ್ಮ ತಂಡದಲ್ಲಿ ಹಿಂದಿ ಸರಿಯಾಗಿ ಬರುವವರು ಒಬ್ಬರೇ ಇದ್ದದ್ದು ವಿನೋದದ ಸಂಗತಿ. ಹಜಾರದ ನೆಲ ಸಮತಟ್ಟಾಗಿರಬೇಕು, ಬಚ್ಚಲಿನ ನೆಲ ಮಾತ್ರ ಸಮತಟ್ಟಾಗಿರಲೇಬಾರದು; ತೂಬಿನತ್ತ ಕಣ್ಣಿಗೆ ಕಾಣದಷ್ಟು, ಆದರೆ ನೀರಿಗೆ ಗೊತ್ತಾಗುವಷ್ಟು ಇಳಿಜಾರು ಬೇಕು. ಮೂಲೆಯಲ್ಲಿ ಚೂರು ನೀರು ನಿಂತದ್ದನ್ನು ಕಂಡು, ಯಾರೂ ಹೇಳದಿದ್ದರೂ, ಒಂದು ಸಾಲು ಟೈಲ್ಸನ್ನು ತಾವೇ ಕಿತ್ತು ಮತ್ತೆ ಕೂರಿಸಿದ ಅವರ ಕಸುಬಿನ ನಿಷ್ಠೆಗೆ ನಾವು ತಲೆಬಾಗುತ್ತೇವೆ.

ಸಾಮಗ್ರಿಗಳನ್ನು ಸಾಲವಾಗಿ ಕೊಟ್ಟು ಒಮ್ಮೆಯೂ ಫೋನ್ ಮಾಡದ ಪೆರ್ಲದ ಅಂಗಡಿಯವರಿಗೆ, ವಿಟ್ಲದಿಂದ ಬಾಗಿಲುಗಳನ್ನು ಬಾಡಿಗೆ ಪಡೆಯದೆ ತಂದಿಳಿಸಿದ ಪಿಕಪ್ ಚಾಲಕರಿಗೆ, ಮಲಯಾಳದಲ್ಲಿದ್ದ ಅರ್ಜಿಗಳನ್ನು ಕನ್ನಡ ಮಾತ್ರ ಓದಬಲ್ಲ ಆ ತಾಯಿಗೆ ಸಾಲುಸಾಲಾಗಿ ಓದಿ ಹೇಳಿದ ನಿವೃತ್ತ ಗುಮಾಸ್ತರಿಗೆ, ರಜೆಯ ದಿನಗಳಲ್ಲಿ ನಮ್ಮನ್ನು ಕಳುಹಿಸಿಕೊಟ್ಟ ಹೆತ್ತವರಿಗೆ, ಹಾಜರಿಯ ವಿಷಯದಲ್ಲಿ ಉದಾರವಾಗಿದ್ದ ಅಧ್ಯಾಪಕರಿಗೆ ನಾವು ಋಣಿಗಳು.

ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯ ಒಳಗೆ ಹೊರಗೋಡೆ ಮುಗಿಯಬೇಕೆಂಬುದು ಎಲ್ಲರ ಗುರಿಯಾಗಿತ್ತು, ಮುಗಿಯಿತು ಕೂಡ. ಬಣ್ಣ ಬಳಿಯದೆ ಒಕ್ಕಲು ಮಾಡಿಸಿದ್ದೇಕೆ ಎಂದು ಕೆಲವು ಹಿತೈಷಿಗಳು ಕೇಳಿದ್ದಾರೆ. ಒಳಗಿನ ತೇವ ಆರದ ಸಾರಣೆಯ ಮೇಲೆ ಬಣ್ಣ ಬಳಿದರೆ ಮೊದಲ ಮಳೆಗಾಲದಲ್ಲೇ ಗುಳ್ಳೆ ಎದ್ದು ಹೊಪ್ಪಳೆ ಕಳಚುತ್ತದೆ. ಫೋಟೋದಲ್ಲಿ ಮನೆ ಚೆಂದ ಕಾಣಲೆಂದು ಆ ತಾಯಿಯ ಮೇಲೆ ಮುಂದಿನ ವರ್ಷದ ಖರ್ಚನ್ನು ಹೇರುವುದು ನಮಗೆ ಸರಿಕಾಣಲಿಲ್ಲ. ಸದ್ಯ ಗೋಡೆಗಳಿಗೆ ಬಿಳಿ ಸಿಮೆಂಟಿನ ಒಂದು ಲೇಪವಷ್ಟೇ ಇದೆ.

ಮನೆಯೊಡತಿಗೆ ಸಲ್ಲಬೇಕಾದ ಕೃತಜ್ಞತೆ ಬೇರೆಯೇ ಬಗೆಯದು. ನಾವು ಬರೆದು ತಂದ ನಕ್ಷೆಯಲ್ಲಿದ್ದ ಅಡುಗೆ ಕಟ್ಟೆ ಅವರ ಎತ್ತರಕ್ಕೆ ಹೊಂದುವುದಿಲ್ಲವೆಂದು ಹೇಳಿ ಅದನ್ನು ತಗ್ಗಿಸಿದವರು, ಮಕ್ಕಳು ಓದುವ ಮೂಲೆಗೆ ಇನ್ನೊಂದು ಪ್ಲಗ್ ಬೇಕೆಂದು ಪಟ್ಟು ಹಿಡಿದವರು, ಹಿಂಬದಿಯ ಬಾಗಿಲು ಅಂಗಳದ ಕಡೆಗೆ ತೆರೆದರೆ ಗಾಳಿಮಳೆಗೆ ಹೊಡೆದುಕೊಳ್ಳುತ್ತದೆಂದು ಕೀಲುಗಳನ್ನು ಒಳಮುಖವಾಗಿಸಿದವರು ಅವರೇ. ಯಾರೋ ಕಟ್ಟಿಕೊಟ್ಟ ಮನೆ ಎಂಬ ಭಾವದಿಂದ ಸುಮ್ಮನಿದ್ದುಬಿಟ್ಟಿದ್ದರೆ ಈ ಮೂರೂ ಕಡೆ ನಮ್ಮ ನಕ್ಷೆಯೇ ಗೆದ್ದು ಅವರ ಸಂಸಾರ ಸೋಲುತ್ತಿತ್ತು.

ಜಮೆ ಖರ್ಚಿನ ಪೂರ್ತಿ ವಿವರವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಲಾಗಿದೆ. ದಾನಿಗಳು ಯಾವಾಗ ಬೇಕಾದರೂ ಬಂದು ರಶೀದಿಗಳನ್ನು ಪರಿಶೀಲಿಸಬಹುದು. ಇಂಗುಗುಂಡಿ ಮತ್ತು ಬಣ್ಣದ ಕೆಲಸವನ್ನು ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಮುಂದಿನ ತಂಡ ಕೈಗೆತ್ತಿಕೊಳ್ಳಲಿದೆ. ಕೊನೆಯದಾಗಿ ಒಂದು ವಿನಂತಿ: ಎರಡು ಕರಣೆ, ಒಂದು ಮಟ್ಟಗೋಲು ಮತ್ತು ನೀಲಿ ಹಗ್ಗ ಸುತ್ತಿದ ಒಂದು ಏಣಿ ನಮ್ಮಲ್ಲೇ ಉಳಿದಿವೆ. ಕೊಟ್ಟವರು ಯಾರೆಂದು ನಮ್ಮಲ್ಲಿ ಒಬ್ಬರಿಗೂ ನೆನಪಾಗುತ್ತಿಲ್ಲವಾದ್ದರಿಂದ, ದಯವಿಟ್ಟು ಕಾಲೇಜಿನ ಕಚೇರಿಗೆ ಬಂದು ಗುರುತಿಸಿ ಒಯ್ಯಬೇಕಾಗಿ ಕೋರುತ್ತೇವೆ.